1991ರ ಭಾರತ: ಒಂದು ವರ್ಷದ ದಿನವಹಿ ಕಟ್ಟುವ ಬಗೆ

ಜನವರಿಯಲ್ಲಿ ಕೊಲ್ಲಿ ಯುದ್ಧ, ಮಾರ್ಚ್‌ನಲ್ಲಿ ಚಂದ್ರಶೇಖರ್ ರಾಜೀನಾಮೆ, ಮೇ ತಿಂಗಳಲ್ಲಿ ರಾಜೀವ್ ಗಾಂಧಿ ಹತ್ಯೆ, ಜುಲೈನಲ್ಲಿ ರೂಪಾಯಿ ಅಪಮೌಲ್ಯ, ಅಕ್ಟೋಬರ್‌ನಲ್ಲಿ ಉತ್ತರಕಾಶಿ ಭೂಕಂಪ, ಡಿಸೆಂಬರ್‌ನಲ್ಲಿ ಕಾವೇರಿ ಗಲಭೆ. ಇಷ್ಟೂ ಒಂದೇ ವರ್ಷದಲ್ಲಿ ನಡೆದವು. ಹಾಗಾಗಿಯೇ ಜನರ ನೆನಪಿನಲ್ಲಿ ಇವು ಒಂದರೊಳಗೊಂದು ಸೇರಿಹೋಗಿವೆ. ಚಿನ್ನ ಒತ್ತೆ ಹೋಗಿದ್ದು ಯಾರ ಕಾಲದಲ್ಲಿ, ಅಪಮೌಲ್ಯ ಬಜೆಟ್‌ಗೆ ಮೊದಲೋ ಆಮೇಲೋ, ಕಾವೇರಿ ಆದೇಶ ಜೂನ್‌ನಲ್ಲಿ ಬಂದಿದ್ದರೆ ಗಲಭೆ ಡಿಸೆಂಬರ್‌ನಲ್ಲಿ ಏಕೆ ಎಂದು ಕೇಳಿನೋಡಿ, ಆ ಕಾಲ ಕಂಡವರೂ ತಡವರಿಸುತ್ತಾರೆ. ಇತಿಹಾಸದ ವಿದ್ಯಾರ್ಥಿಗಳು, ಮೇಷ್ಟರುಗಳು, ಊರಿನ ಚರಿತ್ರೆ ಬರೆಯುವವರು, ವಿಕಿಪೀಡಿಯ ಸಂಪಾದಕರು ಇಂಥ ವರ್ಷವನ್ನು ಕೈಗೆತ್ತಿಕೊಂಡಾಗ ಮೊದಲು ಮಾಡಬೇಕಾದ ಕೆಲಸ ದಿನವಹಿ, ಅಂದರೆ ಯಾವ ದಿನ ಏನಾಯಿತು ಎಂಬ ಪಟ್ಟಿ, ಕಟ್ಟುವುದು. ವಿಶ್ಲೇಷಣೆ ಆಮೇಲಿನದು. ದಿನವಹಿ ಸರಿಯಿಲ್ಲದಿದ್ದರೆ ಅದರ ಮೇಲೆ ಕಟ್ಟಿದ ವಾದವೆಲ್ಲ ಕುಸಿಯುತ್ತದೆ.

ಮೊದಲು ಬೇಲಿ ಹಾಕಿ

ಯಾವ ವರ್ಷ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಪ್ರಶ್ನೆ ಬಾಲಿಶ ಅನ್ನಿಸಬಹುದು, ಆದರೆ 1991ರ ಕಾಗದಪತ್ರಗಳಲ್ಲಿ ಕನಿಷ್ಠ ಮೂರು ಬಗೆಯ ವರ್ಷಗಳು ಓಡಾಡುತ್ತವೆ. ಕ್ಯಾಲೆಂಡರ್ ವರ್ಷ ಜನವರಿಯಿಂದ ಡಿಸೆಂಬರ್. ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್. ‘1990–91’ ಎಂದು ಬರೆದ ಯಾವ ಅಂಕಿಯೂ 1991ರ ಮಾರ್ಚ್ 31ಕ್ಕೆ ಮುಗಿಯುತ್ತದೆ, ಅಂದರೆ ಜುಲೈನ ಯಾವ ಕ್ರಮವೂ ಅದರಲ್ಲಿ ಕಾಣುವುದಿಲ್ಲ. ಕಾವೇರಿ ಲೆಕ್ಕದ ಜಲವರ್ಷ ಜೂನ್‌ನಿಂದ ಮೇ. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶದಲ್ಲಿರುವ 205 ಟಿಎಂಸಿ ಅಡಿ (ಒಂದು ಟಿಎಂಸಿ ಅಡಿ ಎಂದರೆ ನೂರು ಕೋಟಿ ಘನ ಅಡಿ ನೀರು) ಈ ಜಲವರ್ಷದ ಲೆಕ್ಕ. ಅದನ್ನು ಕ್ಯಾಲೆಂಡರ್ ವರ್ಷದ ಸಾಲಿನಲ್ಲಿ ಕೂರಿಸಿದರೆ ತಪ್ಪಾಗುತ್ತದೆ.

ದಿನವಹಿಗೆ ಕ್ಯಾಲೆಂಡರ್ ವರ್ಷವನ್ನೇ ಹಿಡಿಯಿರಿ. ಆರಂಭದಲ್ಲಿ ನಾಲ್ಕು ಪುಟ, ಕೊನೆಯಲ್ಲಿ ನಾಲ್ಕು ಪುಟ ಖಾಲಿ ಬಿಡಿ. ಆರಂಭದ ಪುಟಗಳಿಗೆ 1990ರ ಬೇರುಗಳು ಬರುತ್ತವೆ: ಜೂನ್ 2ರಂದು ಕಾವೇರಿ ನ್ಯಾಯಮಂಡಳಿ ರಚನೆ, ಆಗಸ್ಟ್‌ನಲ್ಲಿ ಕುವೈತ್ ಮೇಲೆ ಇರಾಕ್ ದಾಳಿ, ಅದರಿಂದ ತೈಲ ಬೆಲೆಯ ಏರಿಕೆ, ನವೆಂಬರ್‌ನಲ್ಲಿ ವಿ.ಪಿ. ಸಿಂಗ್ ಸರ್ಕಾರದ ಪತನ. ಕೊನೆಯ ಪುಟಗಳಿಗೆ 1992ರಲ್ಲಿ ಮುಗಿದ ಕಥೆಗಳು. ಪಂಜಾಬಿನ ಲೋಕಸಭಾ ಚುನಾವಣೆ ನಡೆದಿದ್ದು 1992ರ ಫೆಬ್ರುವರಿಯಲ್ಲಿ. ಕೆಲವು ಪಟ್ಟಿಗಳಲ್ಲಿ ಕಾಂಗ್ರೆಸ್‌ಗೆ 232 ಸ್ಥಾನ, ಕೆಲವುಗಳಲ್ಲಿ 244 ಎಂದಿರುವುದು ಇದರಿಂದಲೇ. ಪಂಜಾಬಿನ 12 ಸೇರಿಸಿದರೆ 244. ಎರಡೂ ಸರಿ, ಯಾವ ದಿನದ ಲೆಕ್ಕ ಎಂದು ಬರೆಯದಿದ್ದರೆ ಎರಡೂ ತಪ್ಪು.

ಸಾಮಾನು ಮತ್ತು ಕಾಲಂಗಳು

ಕಂಪ್ಯೂಟರ್‌ನಲ್ಲಾದರೆ ಒಂದು ಸ್ಪ್ರೆಡ್‌ಶೀಟ್ ಸಾಕು. ಕೈಬರಹವಾದರೆ 200 ಪುಟದ ಲಾಂಗ್ ಬುಕ್, ಪ್ರತಿ ತಿಂಗಳಿಗೆ 15 ಪುಟ. ಎರಡರಲ್ಲೂ ಕಾಲಂಗಳು ಇವೇ ಇರಲಿ: ಘಟನೆಯ ದಿನ, ವಾರ, ಗೊತ್ತಿದ್ದರೆ ಗಂಟೆ, ಸ್ಥಳ, ಏನಾಯಿತು, ಘೋಷಣೆ ಅಥವಾ ಪ್ರಕಟಣೆಯ ದಿನ, ಆಧಾರ, ಆಧಾರದ ಪುಟ, ಭಿನ್ನಾಭಿಪ್ರಾಯ.

ಹೊಸಬರು ಘಟನೆಯ ದಿನವನ್ನೂ ಪ್ರಕಟಣೆಯ ದಿನವನ್ನೂ ಒಂದೇ ಕಾಲಂನಲ್ಲಿ ತುರುಕುತ್ತಾರೆ. ದಿನವಹಿಗಳು ಕೆಡುವುದು ಹೆಚ್ಚಾಗಿ ಅಲ್ಲಿಯೇ. ಕೊನೆಯ ಕಾಲಂ ಅನ್ನಂತೂ ಖಂಡಿತ ಬಿಡಬೇಡಿ. ಎರಡು ಆಧಾರಗಳು ಎರಡು ದಿನಾಂಕ ಹೇಳಿದರೆ ನಿಮಗೆ ಸರಿಯೆನಿಸಿದ್ದನ್ನು ಮಾತ್ರ ಉಳಿಸಿ ಇನ್ನೊಂದನ್ನು ಅಳಿಸುವ ಹಕ್ಕು ನಿಮಗಿಲ್ಲ. ಎರಡನ್ನೂ ಬರೆಯಿರಿ, ಯಾವುದಕ್ಕೆ ಏಕೆ ಒಲವು ಎಂದು ಒಂದು ಸಾಲು ಸೇರಿಸಿ.

‘ಏನಾಯಿತು’ ಕಾಲಂನಲ್ಲಿ ಒಂದು ನಮೂದಿಗೆ ಒಂದೇ ಕ್ರಿಯಾಪದ. ‘ನರಸಿಂಹರಾವ್ ಪ್ರಮಾಣವಚನ ಸ್ವೀಕರಿಸಿದರು’ ಎಂಬುದು ಒಂದು ನಮೂದು. ‘ಪ್ರಮಾಣವಚನ ಸ್ವೀಕರಿಸಿ ಆರ್ಥಿಕ ಸುಧಾರಣೆ ಆರಂಭಿಸಿದರು’ ಎಂದರೆ ಎರಡನೆಯ ಭಾಗ ತೀರ್ಪು, ಘಟನೆಯಲ್ಲ. ಅದಕ್ಕೆ ದಿನಾಂಕವಿಲ್ಲ.

ಎಲುಬುಗೂಡು

ಪತ್ರಿಕೆಗಳ ಮುಂದೆ ಕೂರುವ ಮೊದಲೇ ಒಂದಿಪ್ಪತ್ತು ಗಟ್ಟಿ ದಿನಾಂಕಗಳನ್ನು ತುಂಬಿಕೊಳ್ಳಿ. ಉಳಿದದ್ದನ್ನು ಇವುಗಳಿಗೆ ನೇತುಹಾಕಬಹುದು.

ಜನವರಿ 17, ಗುರುವಾರ: ಇರಾಕ್ ಮೇಲೆ ಬಾಂಬ್ ದಾಳಿ ಆರಂಭ.
ಮಾರ್ಚ್ 1, ಸೂರ್ಯೋದಯ: ಜನಗಣತಿಯ ಆಧಾರ ಕ್ಷಣ.
ಮಾರ್ಚ್ 4: ಪೂರ್ಣ ಬಜೆಟ್ ಬದಲು ಹಣಕಾಸು ಸಚಿವ ಯಶವಂತ ಸಿನ್ಹಾ ಅವರ ಮಧ್ಯಂತರ ಬಜೆಟ್.
ಮಾರ್ಚ್ 6, ಬುಧವಾರ: ಪ್ರಧಾನಿ ಚಂದ್ರಶೇಖರ್ ರಾಜೀನಾಮೆ.
ಮೇ 20, ಸೋಮವಾರ: ಮೊದಲ ಹಂತದ ಮತದಾನ.
ಮೇ 21, ಮಂಗಳವಾರ ರಾತ್ರಿ: ಶ್ರೀಪೆರುಂಬುದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆ.
ಜೂನ್ 12 ಮತ್ತು 15: ಮುಂದೂಡಿದ ಹಂತಗಳ ಮತದಾನ.
ಜೂನ್ 21, ಶುಕ್ರವಾರ: ಪಿ.ವಿ. ನರಸಿಂಹರಾವ್ ಪ್ರಮಾಣವಚನ.
ಜೂನ್ 25, ಮಂಗಳವಾರ: ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ.
ಜುಲೈ 1 ಸೋಮವಾರ, ಜುಲೈ 3 ಬುಧವಾರ: ಎರಡು ಹಂತದಲ್ಲಿ ರೂಪಾಯಿ ಅಪಮೌಲ್ಯ.
ಜುಲೈ 24, ಬುಧವಾರ: ಹೊಸ ಕೈಗಾರಿಕಾ ನೀತಿ, ಅದೇ ದಿನ ಮನಮೋಹನ್ ಸಿಂಗ್ ಬಜೆಟ್.
ಆಗಸ್ಟ್ 20, ಮಂಗಳವಾರ: ಬೆಂಗಳೂರು ಬಳಿಯ ಕೋಣನಕುಂಟೆಯಲ್ಲಿ ರಾಜೀವ್ ಹತ್ಯೆಯ ಸಂಚುಕೋರ ಶಿವರಾಸನ್ ಮತ್ತು ಸಂಗಡಿಗರ ಸಾವು.
ಅಕ್ಟೋಬರ್ 20, ಭಾನುವಾರ ನಸುಕು: ಉತ್ತರಕಾಶಿ ಭೂಕಂಪ.
ನವೆಂಬರ್ 22, ಶುಕ್ರವಾರ: ಕಾವೇರಿ ವಿಷಯದಲ್ಲಿ ಸುಪ್ರೀಂ ಕೋರ್ಟ್ ಅಭಿಪ್ರಾಯ.
ಡಿಸೆಂಬರ್ 12 ಮತ್ತು 13: ಬೆಂಗಳೂರಿನಲ್ಲಿ ಹಿಂಸಾಚಾರ.

ವಾರ ಬರೆಯುವುದು ಅಲಂಕಾರಕ್ಕಲ್ಲ. ದಿನಾಂಕ ಮತ್ತು ವಾರ ಹೊಂದದಿದ್ದರೆ ಎಲ್ಲೋ ತಪ್ಪಾಗಿದೆ ಎಂದು ಅಲ್ಲೇ ತಿಳಿಯುತ್ತದೆ. 1991ರ ಜನವರಿ 1 ಮಂಗಳವಾರ. 2019ರ ಕ್ಯಾಲೆಂಡರ್ ದಿನಕ್ಕೆ ದಿನ ಇದಕ್ಕೆ ಹೊಂದುತ್ತದೆ, ಆದ್ದರಿಂದ ಮನೆಯಲ್ಲಿ 2019ರ ಗೋಡೆ ಕ್ಯಾಲೆಂಡರ್ ಉಳಿದಿದ್ದರೆ ಪಕ್ಕದಲ್ಲಿ ತೂಗುಹಾಕಿಕೊಳ್ಳಿ. ಹಬ್ಬ, ತಿಥಿಗಳನ್ನು ಮಾತ್ರ ಅದರಿಂದ ತೆಗೆದುಕೊಳ್ಳಬೇಡಿ, ಅವು ಹೊಂದುವುದಿಲ್ಲ.

ಹಳೆಯ ಪತ್ರಿಕೆ ಓದುವುದು

ಪ್ರಜಾವಾಣಿ, ಕನ್ನಡಪ್ರಭ, ಸಂಯುಕ್ತ ಕರ್ನಾಟಕ, ಉದಯವಾಣಿ ಇವುಗಳ 1991ರ ಸಂಪುಟಗಳಲ್ಲಿ ಕನಿಷ್ಠ ಎರಡನ್ನು ಹಿಡಿಯಿರಿ. ವಿಶ್ವವಿದ್ಯಾಲಯಗಳ ಗ್ರಂಥಾಲಯ, ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯ, ಜಿಲ್ಲಾ ಕೇಂದ್ರ ಗ್ರಂಥಾಲಯ ಹೀಗೆ ವಿಚಾರಿಸುತ್ತ ಹೋಗಿ. ಯಾವ ತಿಂಗಳ ಸಂಪುಟ ಬೇಕು ಎಂದು ಮೊದಲೇ ಹೇಳಿಟ್ಟರೆ ಉಗ್ರಾಣದಿಂದ ತರಿಸಿಡುತ್ತಾರೆ. ಒಂದು ಪತ್ರಿಕೆಯ ಒಂದು ತಿಂಗಳ ಮುಖಪುಟ, ರಾಜ್ಯ ಪುಟ, ಸಂಪಾದಕೀಯ ಪುಟ ನೋಡಲು ಒಂದು ಪೂರ್ತಿ ದಿನ ಬೇಕು. ಮೇ, ಜುಲೈ, ಡಿಸೆಂಬರ್‌ಗೆ ಎರಡೆರಡು ದಿನ ಇಟ್ಟುಕೊಳ್ಳಿ.

ಪತ್ರಿಕೆಯ ಮೇಲಿನ ದಿನಾಂಕ ಒಂದು, ಸುದ್ದಿಯ ತಲೆಯಲ್ಲಿರುವ ದಿನಾಂಕ ಇನ್ನೊಂದು. ಜುಲೈ 25ರ ಪತ್ರಿಕೆಯಲ್ಲಿ ‘ನವದೆಹಲಿ, ಜುಲೈ 24’ ಎಂದು ಆರಂಭವಾಗುವ ಸುದ್ದಿ ಇರುತ್ತದೆ. ಅದರೊಳಗಿನ ‘ಇಂದು’ ಎಂದರೆ 24, ‘ನಿನ್ನೆ’ ಎಂದರೆ 23. ಓದುವವರ ಕಣ್ಣು ಪುಟದ ನೆತ್ತಿಯ ಮೇಲಿನ 25ರಲ್ಲೇ ನಿಂತಿದ್ದರೆ ಇಡೀ ವರ್ಷ ಒಂದು ದಿನ ಮುಂದಕ್ಕೆ ಜರುಗುತ್ತದೆ. ಊರಿನ ವರದಿಗಳು ಇನ್ನೂ ತಡ. ತಾಲ್ಲೂಕಿನ ಬಾತ್ಮೀದಾರರು ಅಂಚೆಯಲ್ಲೋ ಬಸ್ಸಿನಲ್ಲೋ ಕಳಿಸಿದ ಸುದ್ದಿ ಎರಡು ಮೂರು ದಿನ ಬಿಟ್ಟು ಅಚ್ಚಾಗುತ್ತಿತ್ತು. ಅಂಥ ಸುದ್ದಿಗೆ ತಲೆಯಲ್ಲಿ ದಿನಾಂಕವಿಲ್ಲದಿದ್ದರೆ ‘ಇಂಥ ದಿನಕ್ಕೆ ಮೊದಲು’ ಎಂದಷ್ಟೇ ಬರೆಯಿರಿ.

ರಾತ್ರಿಯ ಘಟನೆಗಳಲ್ಲಿ ಆವೃತ್ತಿಯನ್ನೂ ಗಮನಿಸಿ. ಶ್ರೀಪೆರುಂಬುದೂರಿನ ಸ್ಫೋಟ ಆಗಿದ್ದು ರಾತ್ರಿ ಹತ್ತು ಗಂಟೆ ದಾಟಿದ ಮೇಲೆ. ದೂರದ ಜಿಲ್ಲೆಗಳಿಗೆ ಹೋಗುವ ಪ್ರತಿಗಳು ಬೇಗ ಅಚ್ಚಾಗುತ್ತವೆ, ನಗರದ ಪ್ರತಿಗಳು ತಡವಾಗಿ. ಹಾಗಾಗಿ ಮೇ 22ರ ಒಂದು ಪ್ರತಿಯಲ್ಲಿ ಸುದ್ದಿ ಇಲ್ಲವೆಂದರೆ ಪತ್ರಿಕೆ ಅದನ್ನು ಬಿಟ್ಟಿತು ಎಂದು ತೀರ್ಮಾನಿಸಬೇಡಿ. ನಿಮ್ಮ ಕೈಲಿರುವುದು ಯಾವ ಆವೃತ್ತಿ ಎಂದು ನೋಡಿ. ವಾರಪತ್ರಿಕೆಗಳದು ಇದರ ವಿರುದ್ಧ. ಮುಖಪುಟದ ದಿನಾಂಕಕ್ಕಿಂತ ಮೊದಲೇ ಅಂಗಡಿಗೆ ಬಂದಿರುತ್ತವೆ, ಒಳಗಿನ ಲೇಖನ ಇನ್ನೂ ಮೊದಲು ಬರೆದದ್ದು.

ಫೋಟೋ ತೆಗೆಯಲು ಅನುಮತಿ ಸಿಕ್ಕರೆ ಮೊದಲು ಪತ್ರಿಕೆಯ ಹೆಸರು, ದಿನಾಂಕ ಇರುವ ಮೇಲ್ಭಾಗ, ಆಮೇಲೆ ಸುದ್ದಿ. ಈ ಕ್ರಮ ತಪ್ಪಿದರೆ ಸಂಜೆ ಮನೆಯಲ್ಲಿ ನೂರೈವತ್ತು ಚಿತ್ರ ಮುಂದಿಟ್ಟುಕೊಂಡು ಯಾವುದು ಯಾವ ದಿನದ್ದು ಎಂದು ತಿಳಿಯುವುದಿಲ್ಲ. ಬೈಂಡ್ ಮಾಡಿದ ಸಂಪುಟದಲ್ಲಿ ಒಳ ಅಂಚಿನ ಕಾಲಂನ ಕೊನೆಯ ಎರಡು ಮೂರು ಅಕ್ಷರಗಳು ಹೊಲಿಗೆಯೊಳಗೆ ಮುಳುಗಿರುತ್ತವೆ. ಅಂಕಿಗಳು ಅಲ್ಲಿ ಬಂದರೆ ಊಹಿಸಬೇಡಿ. ಸಂಪುಟವನ್ನು ಬಲವಂತವಾಗಿ ಅಗಲಿಸಲೂ ಬೇಡಿ, ಮೂವತ್ತು ವರ್ಷ ದಾಟಿದ ಸುದ್ದಿಕಾಗದ ಹಪ್ಪಳದಂತೆ ಮುರಿಯುತ್ತದೆ. ಇನ್ನೊಂದು ಪತ್ರಿಕೆಯಲ್ಲಿ ಅದೇ ಸುದ್ದಿ ನೋಡಿ.

ಹಣ ಮತ್ತು ಚಿನ್ನದ ಅಂಕಿಗಳು

1991ರ ದಿನವಹಿಯಲ್ಲಿ ಹೆಚ್ಚು ಎಚ್ಚರ ಬೇಕಾದ ಜಾಗ ಇದು. ಚಿನ್ನವನ್ನೇ ತೆಗೆದುಕೊಳ್ಳಿ. ‘67 ಟನ್ ಚಿನ್ನ ಒತ್ತೆ ಇಟ್ಟರು’ ಎಂಬ ಮಾತು ಎಲ್ಲೆಡೆ ಸಿಗುತ್ತದೆ. ಬಿಡಿಸಿ ನೋಡಿದರೆ ಅದು ಎರಡು ಬೇರೆ ವ್ಯವಹಾರಗಳ ಮೊತ್ತ. ಮೇ ತಿಂಗಳಲ್ಲಿ, ಚಂದ್ರಶೇಖರ್ ಉಸ್ತುವಾರಿ ಪ್ರಧಾನಿಯಾಗಿದ್ದಾಗ, ಸರ್ಕಾರದ ಬಳಿ ಇದ್ದ ಮುಟ್ಟುಗೋಲಿನ ಚಿನ್ನದಲ್ಲಿ 20 ಟನ್ ಸ್ಟೇಟ್ ಬ್ಯಾಂಕ್ ಮೂಲಕ ಸ್ವಿಟ್ಜರ್ಲೆಂಡ್‌ನ ಬ್ಯಾಂಕೊಂದಕ್ಕೆ ಹೋಯಿತು. ಅದು ಮರಳಿ ಕೊಳ್ಳುವ ಅವಕಾಶ ಇಟ್ಟುಕೊಂಡ ಮಾರಾಟ. ಜುಲೈನಲ್ಲಿ, ನರಸಿಂಹರಾವ್ ಸರ್ಕಾರ ಬಂದ ಮೇಲೆ, ರಿಸರ್ವ್ ಬ್ಯಾಂಕ್ ತನ್ನ 46.91 ಟನ್ ಚಿನ್ನವನ್ನು ಕಂತುಗಳಲ್ಲಿ ಲಂಡನ್‌ಗೆ ಸಾಗಿಸಿ ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಿಂದ ಸುಮಾರು 40.5 ಕೋಟಿ ಡಾಲರ್ ಸಾಲ ಪಡೆಯಿತು. ಇದು ಒತ್ತೆ. ಎರಡು ಸರ್ಕಾರ, ಎರಡು ಒಡೆತನ, ಎರಡು ಬಗೆಯ ಕರಾರು. ‘ಯಾರ ಕಾಲದಲ್ಲಿ’ ಎಂಬ ಜಗಳದಲ್ಲಿ ಎರಡು ಕಡೆಯವರೂ ಅರ್ಧರ್ಧ ಸರಿ. ಎರಡು ನಮೂದು ಮಾಡಿ, ಎರಡನೆಯದರಲ್ಲಿ ಸಾಗಣೆಯ ದಿನಗಳನ್ನೂ ಸುದ್ದಿ ಹೊರಬಿದ್ದ ದಿನವನ್ನೂ ಬೇರೆ ಬೇರೆ ಕಾಲಂನಲ್ಲಿಡಿ.

ಅಪಮೌಲ್ಯದ ಶೇಕಡಾ ಲೆಕ್ಕ ಇನ್ನೊಂದು ಗುಂಡಿ. ಡಾಲರ್‌ಗೆ ಸುಮಾರು 21 ರೂಪಾಯಿ ಇದ್ದದ್ದು ಸುಮಾರು 26 ಆಯಿತು. ಐದನ್ನು 21ರಿಂದ ಭಾಗಿಸಿದರೆ ಡಾಲರ್ ಶೇ 24ರಷ್ಟು ದುಬಾರಿಯಾಯಿತು ಎಂದು ಬರುತ್ತದೆ. ಅದೇ ಐದನ್ನು 26ರಿಂದ ಭಾಗಿಸಿದರೆ ರೂಪಾಯಿ ಬೆಲೆ ಶೇ 19ರಷ್ಟು ಕುಸಿಯಿತು ಎಂದಾಗುತ್ತದೆ. ಒಂದೇ ಘಟನೆಗೆ ಎರಡು ಶೇಕಡಾ. ಪುಸ್ತಕದಿಂದ ಶೇಕಡಾ ಮಾತ್ರ ಎತ್ತಿಕೊಂಡರೆ ಯಾವುದರ ಲೆಕ್ಕ ಎಂದು ಗೊತ್ತಾಗುವುದಿಲ್ಲ, ಆದ್ದರಿಂದ ದರವನ್ನೇ ಬರೆಯಿರಿ.

ವಿದೇಶಿ ವಿನಿಮಯ ಸಂಗ್ರಹವೂ ಹೀಗೆಯೇ. 1991ರ ಮಾರ್ಚ್ ಕೊನೆಗೆ ಒಟ್ಟು ಸಂಗ್ರಹ ಸುಮಾರು 580 ಕೋಟಿ ಡಾಲರ್ ಎಂದು ಒಂದು ಕಡೆ, ಸುಮಾರು 220 ಕೋಟಿ ಎಂದು ಇನ್ನೊಂದು ಕಡೆ ಕಾಣುತ್ತೀರಿ. ಮೊದಲನೆಯದರಲ್ಲಿ ಚಿನ್ನದ ಬೆಲೆ ಸೇರಿದೆ. ಎರಡನೆಯದು ಕೈಯಲ್ಲಿದ್ದ ವಿದೇಶಿ ಕರೆನ್ಸಿ ಮಾತ್ರ. ತೈಲದ ಬಿಲ್ಲು ಕಟ್ಟಲು ಬರುವುದು ಎರಡನೆಯದೇ. ಅದು ಬೇಸಿಗೆಯಲ್ಲಿ ಇನ್ನೂ ಕರಗಿ ಎರಡು ಮೂರು ವಾರದ ಆಮದಿಗಷ್ಟೇ ಸಾಕು ಎಂಬ ಮಟ್ಟಕ್ಕೆ ಬಂತು. ಇಂಗ್ಲಿಷ್ ದಾಖಲೆಯಿಂದ ಅಂಕಿ ಇಳಿಸುವಾಗ ಒಂದು ಬಿಲಿಯನ್ ನೂರು ಕೋಟಿ, ಒಂದು ಮಿಲಿಯನ್ ಹತ್ತು ಲಕ್ಷ ಎಂಬುದನ್ನು ಪುಟದ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ. ದಣಿದಾಗ ಒಂದು ಸೊನ್ನೆ ಜಾರುತ್ತದೆ.

ಜನಗಣತಿಯದು ಸಣ್ಣ ವಿಷಯ: ತಾತ್ಕಾಲಿಕ ಲೆಕ್ಕ 84.39 ಕೋಟಿ, ಅಂತಿಮ ಲೆಕ್ಕ 84.63 ಕೋಟಿ. ಜಮ್ಮು–ಕಾಶ್ಮೀರದಲ್ಲಿ ಆ ಸಲ ಗಣತಿ ನಡೆಯಲಿಲ್ಲ, ಅಲ್ಲಿಯದು ಅಂದಾಜು.

ಕಾನೂನು, ಕೋರ್ಟು, ಗೆಜೆಟ್

ಒಂದು ಕಾನೂನಿಗೆ ಒಂದೇ ದಿನಾಂಕ ಇರುವುದಿಲ್ಲ. ಪೂಜಾಸ್ಥಳಗಳ ಕಾಯಿದೆಗೆ ರಾಷ್ಟ್ರಪತಿ ಅಂಕಿತ ಬಿದ್ದದ್ದು ಸೆಪ್ಟೆಂಬರ್ 18, ಆದರೆ ಅದರ ಕೆಲವು ಕಲಮುಗಳು ಜುಲೈ 11ರಿಂದಲೇ ಜಾರಿಯಾದಂತೆ ಎಂದು ಕಾಯಿದೆಯೇ ಹೇಳುತ್ತದೆ. ಮಂಡನೆ, ಅಂಗೀಕಾರ, ಅಂಕಿತ, ಜಾರಿ ಪ್ರತಿಯೊಂದಕ್ಕೂ ಬೇರೆ ನಮೂದು ಮಾಡಿ.

ಕಾವೇರಿಯ ಎಳೆಯನ್ನು ಹೀಗೆ ಬಿಡಿಸಿದಾಗಲೇ ಜೂನ್‌ಗೂ ಡಿಸೆಂಬರ್‌ಗೂ ನಡುವಿನ ಅಂತರ ಅರ್ಥವಾಗುತ್ತದೆ. ಜೂನ್ 25ರ ಆದೇಶ ತಮಿಳುನಾಡಿನ ಮೆಟ್ಟೂರು ಜಲಾಶಯಕ್ಕೆ ವರ್ಷಕ್ಕೆ 205 ಟಿಎಂಸಿ ಅಡಿ ನೀರು ಸೇರಬೇಕು, ಕರ್ನಾಟಕ ತನ್ನ ನೀರಾವರಿಯನ್ನು 11.2 ಲಕ್ಷ ಎಕರೆಗಿಂತ ಹಿಗ್ಗಿಸಬಾರದು ಎಂದಿತು. ಜುಲೈ 25ರಂದು ಬಂಗಾರಪ್ಪ ಸರ್ಕಾರ ಆ ಆದೇಶಕ್ಕೆ ತಡೆಯೊಡ್ಡುವ ಸುಗ್ರೀವಾಜ್ಞೆ ಹೊರಡಿಸಿತು. ಜುಲೈ 27ರಂದು ರಾಷ್ಟ್ರಪತಿ ವಿಷಯವನ್ನು ಸುಪ್ರೀಂ ಕೋರ್ಟ್‌ನ ಅಭಿಪ್ರಾಯಕ್ಕೆ ಕಳಿಸಿದರು. ಸುಗ್ರೀವಾಜ್ಞೆ ಸಂವಿಧಾನಕ್ಕೆ ಹೊಂದುವುದಿಲ್ಲ, ಮಧ್ಯಂತರ ಆದೇಶವನ್ನು ಗೆಜೆಟ್‌ನಲ್ಲಿ ಪ್ರಕಟಿಸಬೇಕು ಎಂದು ಕೋರ್ಟ್ ಹೇಳಿದ್ದು ನವೆಂಬರ್ 22. ಕೇಂದ್ರ ಅದನ್ನು ಗೆಜೆಟ್‌ಗೆ ಹಾಕಿದ ಮೇಲೆ ಬೆಂಗಳೂರು, ಮೈಸೂರು ಕಡೆ ಹಿಂಸೆ ಭುಗಿಲೆದ್ದಿತು. ಐದೂವರೆ ತಿಂಗಳು ಕಾಗದದ ಮೇಲಿದ್ದ ಆದೇಶ ಗೆಜೆಟ್‌ನೊಂದಿಗೆ ಜಾರಿಗೆ ಬಂತು. ಗೆಜೆಟ್‌ನ ನಮೂದು ಹೀಗಿರಲಿ:

ಘಟನೆಯ ದಿನ: ಡಿಸೆಂಬರ್ 10, ಮಂಗಳವಾರ. ಏನಾಯಿತು: ಕಾವೇರಿ ಮಧ್ಯಂತರ ಆದೇಶವನ್ನು ಕೇಂದ್ರ ಸರ್ಕಾರ ಅಧಿಸೂಚಿಸಿತು. ಆಧಾರ: ಗೆಜೆಟ್, ಭಾಗ ಮತ್ತು ಸಂಖ್ಯೆ ಸಹಿತ. ಭಿನ್ನಾಭಿಪ್ರಾಯ: ಹಲವು ಬರಹಗಳಲ್ಲಿ ಡಿಸೆಂಬರ್ 11 ಎಂದಿದೆ. ಗೆಜೆಟ್ ಪ್ರತಿ ನೋಡಿ ಟಿಕ್ ಹಾಕಬೇಕು.

ಟಿಕ್ ಬೀಳುವವರೆಗೆ ಆ ಸಾಲನ್ನು ಪೆನ್ಸಿಲ್‌ನಲ್ಲೇ ಇಡಿ.

ಸಾವಿನ ಲೆಕ್ಕ

ಸತ್ತವರ ಸಂಖ್ಯೆಯನ್ನು ಒಂದೇ ಅಂಕಿಯಾಗಿ ಬರೆಯಬೇಡಿ. ಮೊದಲ ದಿನದ ವರದಿ, ವಾರದ ನಂತರದ ವರದಿ, ಅಧಿಕೃತ ಲೆಕ್ಕ ಮೂರನ್ನೂ ಆಯಾ ದಿನಾಂಕದೊಂದಿಗೆ ಬರೆಯಿರಿ. ಉತ್ತರಕಾಶಿಯಲ್ಲಿ 768 ಎಂಬ ಅಂಕಿ ಹೆಚ್ಚು ಬಳಕೆಯಲ್ಲಿದೆ. ಎರಡು ಸಾವಿರದವರೆಗೂ ಹೇಳುವ ಲೆಕ್ಕಗಳಿವೆ. ಗುಡ್ಡದ ಹಳ್ಳಿಗಳಿಗೆ ತಲುಪುವುದೇ ತಡವಾಗಿದ್ದರಿಂದ ಮೊದಲ ದಿನಗಳ ಸಂಖ್ಯೆ ಕಡಿಮೆ ಇರುತ್ತದೆ. ಡಿಸೆಂಬರ್ ಗಲಭೆಯಲ್ಲಿ ಗೋಲಿಬಾರಿನಲ್ಲಿ ಸತ್ತವರನ್ನೂ ದೊಂಬಿಯಲ್ಲಿ ಸತ್ತವರನ್ನೂ ಬೇರೆ ಸಾಲುಗಳಲ್ಲಿಡಿ. ‘ಗಲಭೆಗೆ ಇಂತಿಷ್ಟು ಬಲಿ’ ಎಂಬ ಒಂದು ವಾಕ್ಯದಲ್ಲಿ ಕೊಂದವರು ಯಾರು ಎಂಬುದೇ ಮಾಯವಾಗುತ್ತದೆ. ಗುಡಿಸಲು ಸುಟ್ಟು ಊರು ಬಿಟ್ಟು ಹೋದ ತಮಿಳು ಕೂಲಿಕಾರರ ಸಂಖ್ಯೆಗೂ ಒಂದು ಸಾಲು ಬೇಕು. ಮುಖಪುಟದಲ್ಲಿ ಅವರು ಹೆಚ್ಚು ಕಾಣುವುದಿಲ್ಲ, ಒಳಪುಟದ ರೈಲು ನಿಲ್ದಾಣ, ಗಡಿ, ಪರಿಹಾರ ಶಿಬಿರದ ಸಣ್ಣ ಸುದ್ದಿಗಳಲ್ಲಿ ಹುಡುಕಬೇಕು. ಖಾಸಗಿ ವ್ಯಕ್ತಿಗಳ ಹೆಸರು ಸಿಕ್ಕರೂ ಪ್ರಕಟಿಸುವ ಪ್ರತಿಯಲ್ಲಿ ಬಿಟ್ಟುಬಿಡಿ. ಅವರ ಮನೆಯವರು ಇನ್ನೂ ಇದ್ದಾರೆ.

ಗಂಟೆ ಮತ್ತು ಊರು

ಕೊಲ್ಲಿ ಯುದ್ಧದ ಆರಂಭವನ್ನು ಅಮೆರಿಕದ ಬರಹಗಳು ಜನವರಿ 16 ಎನ್ನುತ್ತವೆ. ಅಲ್ಲಿ ಸಂಜೆಯಾಗಿದ್ದಾಗ ಬಾಗ್ದಾದ್‌ನಲ್ಲಿ 17ರ ನಸುಕು. ಉತ್ತರಕಾಶಿ ಭೂಕಂಪವನ್ನು ಜಾಗತಿಕ ಪಟ್ಟಿಗಳು ಅಕ್ಟೋಬರ್ 19ಕ್ಕೆ ಹಾಕುತ್ತವೆ, ಏಕೆಂದರೆ ಭಾರತದ ನಸುಕಿನ 2 ಗಂಟೆ 53 ನಿಮಿಷ ಗ್ರೀನಿಚ್ ಲೆಕ್ಕದಲ್ಲಿ ಹಿಂದಿನ ದಿನದ ರಾತ್ರಿ 9 ಗಂಟೆ 23 ನಿಮಿಷ. ದಿನವಹಿಯಲ್ಲಿ ಎಲ್ಲವೂ ಭಾರತೀಯ ಕಾಲಮಾನದಲ್ಲಿರಲಿ. ಜುಲೈ 24ರಂಥ ದಿನ ಗಂಟೆಯೂ ಮುಖ್ಯ: ಆಗ ಬಜೆಟ್ ಮಂಡನೆ ಸಂಜೆ ಐದಕ್ಕೆ, ಕೈಗಾರಿಕಾ ನೀತಿ ಅದಕ್ಕೂ ಮೊದಲೇ ಸದನದ ಮುಂದೆ ಬಂದಿತ್ತು.

ಊರಿನ ಹೆಸರನ್ನು ಅಂದಿನಂತೆ ಬರೆದು ಪಕ್ಕದಲ್ಲಿ ಇಂದಿನದು ಬರೆಯಿರಿ. ಮದ್ರಾಸ್, ಗುಲ್ಬರ್ಗ ಎಂದೇ ಅಂದಿನ ಕಾಗದಗಳಲ್ಲಿ ಇರುತ್ತದೆ. ಉತ್ತರಕಾಶಿ ಆಗ ಉತ್ತರ ಪ್ರದೇಶದಲ್ಲಿತ್ತು. ಕರ್ನಾಟಕದಲ್ಲಿ ಆಗ 20 ಜಿಲ್ಲೆ, ಚಾಮರಾಜನಗರ ಮೈಸೂರು ಜಿಲ್ಲೆಯೊಳಗೆ. ‘ಮೈಸೂರು ಜಿಲ್ಲೆ’ ಎಂಬ ಸುದ್ದಿಯನ್ನು ಇಂದಿನ ನಕ್ಷೆಯಲ್ಲಿ ಹುಡುಕಿದರೆ ಅರ್ಧ ಊರುಗಳು ಸಿಗುವುದಿಲ್ಲ. ಈಗ ಮೆಟ್ರೊ ಓಡುವ ಕೋಣನಕುಂಟೆ ಆಗ ಬೆಂಗಳೂರಿನ ಹೊರವಲಯದ ಹಳ್ಳಿ.

ಹಿರಿಯರನ್ನು ಕೇಳುವುದಾದರೆ

ದಿನಾಂಕ ಕೇಳಬೇಡಿ. ‘ರಾಜೀವ್ ಗಾಂಧಿ ಸತ್ತ ಸುದ್ದಿ ಬಂದಾಗ ಎಲ್ಲಿದ್ರಿ, ರೇಡಿಯೊದಲ್ಲಿ ಕೇಳಿದ್ರಾ, ಯಾರಾದ್ರೂ ಬಂದು ಹೇಳಿದ್ರಾ?’ ಎಂದು ಕೇಳಿ. ಬಸ್ಸು ನಿಂತಿತ್ತೇ, ಅಂಗಡಿ ಮುಚ್ಚಿತ್ತೇ, ಮನೆಯಲ್ಲಿ ಮದುವೆ ಇತ್ತೇ ಎಂಬಂಥ ಗುರುತುಗಳಿಂದ ದಿನವನ್ನು ನೀವೇ ಹೊಂದಿಸಿಕೊಳ್ಳಬಹುದು. ನೆನಪಿನ ಮಾತನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆಯಿರಿ.

ಎಳೆಗಳನ್ನು ಕೂಡಿಸಿ ನೋಡುವುದು

ನಮೂದುಗಳು ಮುನ್ನೂರು ದಾಟಿದ ಮೇಲೆ ಮೂರು ಬಣ್ಣ ಹಚ್ಚಿ: ರಾಜಕೀಯಕ್ಕೆ ಒಂದು, ಹಣಕಾಸಿಗೆ ಒಂದು, ಕಾವೇರಿಗೆ ಒಂದು. ಈಗ ಯಾವುದರಿಂದ ಯಾವುದು ಆಯಿತು ಎಂಬ ಮಾತುಗಳನ್ನು ಪರೀಕ್ಷಿಸಬಹುದು. ರಾಜೀವ್ ಹತ್ಯೆಯಿಂದ ಆರ್ಥಿಕ ಬಿಕ್ಕಟ್ಟು ಬಂತು ಎನ್ನುವವರಿಗೆ ಮಾರ್ಚ್‌ನ ಸಂಗ್ರಹದ ಅಂಕಿಯನ್ನೂ, ಪೂರ್ಣ ಬಜೆಟ್ ಇಲ್ಲದೆ ಕಳೆದ ಫೆಬ್ರುವರಿ–ಮಾರ್ಚ್ ಅನ್ನೂ ತೋರಿಸಿ. ಬಿಕ್ಕಟ್ಟು ಮೊದಲೇ ಬಾಗಿಲಲ್ಲಿತ್ತು. ಬಜೆಟ್‌ನಲ್ಲಿ ಅಪಮೌಲ್ಯ ಘೋಷಿಸಿದರು ಎಂಬುದೂ ನಿಲ್ಲುವುದಿಲ್ಲ, ನಡುವೆ ಮೂರು ವಾರ ಇದೆ. ಮೊದಲು ನಡೆದದ್ದೆಲ್ಲ ಕಾರಣವಾಗಬೇಕಿಲ್ಲ, ಆದರೆ ಆಮೇಲೆ ನಡೆದದ್ದು ಕಾರಣವಾಗಲು ಸಾಧ್ಯವೇ ಇಲ್ಲ. ದಿನವಹಿ ಖಚಿತವಾಗಿ ಹೇಳಬಲ್ಲದ್ದು ಇಷ್ಟನ್ನೇ, ಅದರಿಂದಲೇ ಎಷ್ಟೋ ತಪ್ಪು ವಾದಗಳು ಬಿದ್ದುಹೋಗುತ್ತವೆ.

ಕೊನೆಯ ತಪಾಸಣೆಯನ್ನು ಡಿಸೆಂಬರ್ 31ರಿಂದ ಹಿಂದಕ್ಕೆ ಜನವರಿ 1ರವರೆಗೆ ಮಾಡಿ. ಮುಂದಕ್ಕೆ ಓದಿದರೆ ಕಥೆ ಎಳೆದುಕೊಂಡು ಹೋಗಿ ಕಣ್ಣು ಅಂಕಿಯನ್ನು ಬಿಡುತ್ತದೆ. ಒಬ್ಬರು ದಿನಾಂಕ ಓದಲಿ, ಇನ್ನೊಬ್ಬರು ಕ್ಯಾಲೆಂಡರ್ ನೋಡಿ ವಾರ ಹೇಳಲಿ. ಹೊಂದದ ಪ್ರತಿ ಸಾಲಿಗೂ ಅಂಚಿನಲ್ಲಿ ಒಂದು ಗೀಟು ಹಾಕಿ, ಅವನ್ನು ಮರುದಿನ ಮೂಲ ಪ್ರತಿಯೊಂದಿಗೆ ನೋಡಿ. ಪೆನ್ಸಿಲ್‌ನಲ್ಲೇ ಉಳಿದ ಸಾಲುಗಳು ಎಷ್ಟು ಎಂದು ಎಣಿಸಿ ಆ ಸಂಖ್ಯೆಯನ್ನು ಮೊದಲ ಪುಟದಲ್ಲೇ ಬರೆಯಿರಿ, ಮುಂದೆ ಕೈಗೆತ್ತಿಕೊಳ್ಳುವವರಿಗೆ ಎಲ್ಲಿಂದ ಶುರುಮಾಡಬೇಕು ಎಂದು ತಿಳಿಯಲಿ.